ಬಾರ್ಡರ್‌ನಲ್ಲಿದೆ ಅಂದರೆ ಏನು ಮಾಡಬೇಕು?

ಓದುಗರ ಪ್ರಶ್ನೆ, ಲ್ಯಾಬ್ ಡಾಕ್ಟರ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶುಗರ್ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಪೆಥಾಲಜಿ ಓದಿದವಳು, ಶಿವಮೊಗ್ಗದಲ್ಲಿ ಲ್ಯಾಬ್ ನಡೆಸುತ್ತೇನೆ. ನಿಮ್ಮ ರಕ್ತ ಏನು ಹೇಳುತ್ತಿದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ ಬಿಡಿಸಿ ಹೇಳಬಲ್ಲೆ. ಮಾತ್ರೆ ಬೇಕಾ, ಬೇಡವಾ ಅನ್ನುವುದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವ ಡಾಕ್ಟರೇ ಹೇಳಬೇಕು.

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಮೂರು ಎಕರೆ ಅಡಿಕೆ ತೋಟ ಇದೆ. ಪ್ರತಿ ವರ್ಷ ಖಾಲಿ ಹೊಟ್ಟೆ ಶುಗರ್ ಮಾಡಿಸುತ್ತೇನೆ. ಯಾವಾಗಲೂ ನೂರರೊಳಗೇ ಇರುತ್ತದೆ, ಈ ಸಲವೂ 98. ಆದರೆ ಡಾಕ್ಟರು ಮೂರು ತಿಂಗಳ ಶುಗರ್ ಅಂತ ಇನ್ನೊಂದು ಟೆಸ್ಟ್ ಬರೆದುಕೊಟ್ಟರು. ಅದು 6.1 ಬಂತು. ಬಾರ್ಡರ್‌ನಲ್ಲಿದೆ ಅಂದರು. ಒಂದು ನಾರ್ಮಲ್, ಇನ್ನೊಂದು ಬಾರ್ಡರ್. ಯಾವುದನ್ನು ನಂಬಲಿ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಎರಡನ್ನೂ ನಂಬಿ. ಎರಡೂ ಬೇರೆ ಬೇರೆ ವಿಷಯ ಹೇಳುತ್ತಿವೆ.

ಖಾಲಿ ಹೊಟ್ಟೆ ಶುಗರ್ ಅಂದರೆ, ರಾತ್ರಿಯೆಲ್ಲ ನೀವು ಏನೂ ತಿನ್ನದೆ ಮಲಗಿದ್ದಾಗ ಲಿವರ್ ತನ್ನ ಪಾಡಿಗೆ ರಕ್ತಕ್ಕೆ ಬಿಟ್ಟ ಸಕ್ಕರೆ ಎಷ್ಟು ಅನ್ನುವ ಲೆಕ್ಕ. ಅದೂ ಆ ಒಂದು ಬೆಳಿಗ್ಗೆಯ ಲೆಕ್ಕ. ಆಮೇಲೆ ನೀವು ಕಡುಬು ತಿಂದಿರಿ, ಮಧ್ಯಾಹ್ನ ಅನ್ನ ಉಂಡಿರಿ. ಆಗ ಇನ್ಸುಲಿನ್ ತಕ್ಷಣ ಹೊರಗೆ ಬರಬೇಕು, ಮೈಯ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳಬೇಕು. ಎಷ್ಟೋ ಜನರಲ್ಲಿ ಮೊದಲು ಕೆಡುವುದು ಊಟದ ನಂತರದ ಈ ಕೆಲಸ. ರಾತ್ರಿ ಹೇಗೋ ಸುಧಾರಿಸಿಕೊಂಡು ಬೆಳಿಗ್ಗೆ 98ಕ್ಕೆ ಬಂದಿರುತ್ತದೆ. ಹಗಲು ಏನಾಯಿತು ಅಂತ ಆ 98 ಹೇಳುವುದಿಲ್ಲ.

ಮೂರು ತಿಂಗಳ ಶುಗರ್ ಅಂತ ನಾವು ಕರೆಯುವ ಎಚ್‌ಬಿಎ1ಸಿ ಹಗಲು, ರಾತ್ರಿ ಎರಡನ್ನೂ ಸೇರಿಸಿಕೊಂಡ ಲೆಕ್ಕ. ಕೆಂಪು ರಕ್ತಕಣದ ಒಳಗೆ ಹಿಮೋಗ್ಲೋಬಿನ್ ಇರುತ್ತದೆ. ರಕ್ತದಲ್ಲಿ ಸಕ್ಕರೆ ಇದ್ದಷ್ಟೂ ಅದು ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ. ಹಸಿ ಅಡಿಕೆ ಸುಲಿದವರ ಬೆರಳಿಗೆ ಕಲೆ ಹತ್ತುತ್ತದಲ್ಲ, ತೊಳೆದರೂ ಹೋಗುವುದಿಲ್ಲ, ಚರ್ಮ ಬದಲಾಗುವ ತನಕ ಇರುತ್ತದೆ. ಇದೂ ಹಾಗೇ. ಕಣ ಸಾಯುವ ತನಕ ಆ ಸಕ್ಕರೆ ಅಲ್ಲೇ ಇರುತ್ತದೆ. ಒಂದು ಕೆಂಪು ಕಣ ಬದುಕುವುದು ಸುಮಾರು 120 ದಿನ. ಅದಕ್ಕೇ ಇದು ಎರಡು ಮೂರು ತಿಂಗಳ ಕತೆ ಹೇಳುತ್ತದೆ. ಆದರೆ ಎಲ್ಲ ದಿನಕ್ಕೂ ಒಂದೇ ತೂಕ ಇಲ್ಲ. ಹೆಚ್ಚುಕಡಿಮೆ ಅರ್ಧ ಪಾಲು ಈಚಿನ ಒಂದು ತಿಂಗಳದ್ದೇ. 1968ರಲ್ಲಿ ಇರಾನಿನ ಟೆಹರಾನ್‌ನಲ್ಲಿ ಸ್ಯಾಮ್ಯುಯೆಲ್ ರಹಬರ್ ಅನ್ನುವ ವಿಜ್ಞಾನಿ ಸಕ್ಕರೆ ಕಾಯಿಲೆ ಇದ್ದವರ ರಕ್ತದಲ್ಲಿ ಈ ಬೇರೆ ಥರದ ಹಿಮೋಗ್ಲೋಬಿನ್ ಜಾಸ್ತಿ ಇರುವುದನ್ನು ಗಮನಿಸಿದರು. ಕಾಯಿಲೆ ಪತ್ತೆಗೆ ಇದನ್ನು ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2011ರಲ್ಲಿ.

ನಿಮ್ಮ 6.1 ಅಂದರೆ ಸರಾಸರಿ ಶುಗರ್ 128ರ ಹತ್ತಿರ ಅಂತ ಅರ್ಥ. ಬೆಳಿಗ್ಗೆ 98 ಇದ್ದೂ ಸರಾಸರಿ 128 ಬರಬೇಕಾದರೆ ಊಟ ಆದ ಮೇಲೆ ಎಲ್ಲೋ ಜಾಸ್ತಿ ಏರುತ್ತಿರಬೇಕು, ಅಲ್ವಾ? ಅದನ್ನೇ ನೇರವಾಗಿ ನೋಡುವ ಪರೀಕ್ಷೆ ಇದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಸರಿಯಾಗಿ ಎರಡು ಗಂಟೆಗೆ ಮತ್ತೆ ತೆಗೆಯುತ್ತೇವೆ. ಎರಡನೆಯದು 140ರೊಳಗೆ ಇದ್ದರೆ ಸರಿ. 140ರಿಂದ 199 ಇದ್ದರೆ ಬಾರ್ಡರ್. 200 ಮುಟ್ಟಿದರೆ ಸಕ್ಕರೆ ಕಾಯಿಲೆಯ ಮಟ್ಟ. ಅಗ್ಗದ ಪರೀಕ್ಷೆ, ಆದರೆ ಎರಡು ಗಂಟೆ ಕೂರಬೇಕಲ್ಲ ಅಂತ ಜನ ಮಾಡಿಸುವುದಿಲ್ಲ. ಮನೆಯಲ್ಲಿ ತಿಂಡಿ ತಿಂದು ಬಂದು ಕೊಡುವ ಪಿಪಿ, ಅಂದರೆ ಊಟದ ನಂತರದ ಶುಗರ್, ಇದಕ್ಕೆ ಸಮ ಅಲ್ಲ. ಒಬ್ಬರು ಎರಡು ಇಡ್ಲಿ ತಿಂದಿರುತ್ತಾರೆ, ಇನ್ನೊಬ್ಬರು ಐದು ಕಡುಬು. ಅಳತೆಯೇ ಇಲ್ಲದ ಮೇಲೆ ಹೋಲಿಸುವುದು ಹೇಗೆ? ನೀವು ಮಾಡಿಸಬೇಕಾದ ಮುಂದಿನ ಪರೀಕ್ಷೆ ಈ ಗ್ಲೂಕೋಸ್ ಪರೀಕ್ಷೆಯೇ.

ಉಳಿದ ಅಂಕಿಗಳನ್ನೂ ಹೇಳಿಬಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಾರ್ಡರ್, 126ರಿಂದ ಕಾಯಿಲೆ. ಎಚ್‌ಬಿಎ1ಸಿ 5.7ರಿಂದ 6.4 ಬಾರ್ಡರ್, 6.5ರಿಂದ ಕಾಯಿಲೆ. ಇದು ಅಮೆರಿಕದ ಡಯಾಬಿಟಿಸ್ ಸಂಘದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆ ಬಾರ್ಡರ್ ಅನ್ನು 110ರಿಂದ ಶುರು ಮಾಡುತ್ತದೆ. ಒಂದು ಲ್ಯಾಬ್‌ನ ರಿಪೋರ್ಟ್‌ನಲ್ಲಿ 105ಕ್ಕೆ ನಾರ್ಮಲ್ ಅಂತಲೂ ಇನ್ನೊಂದರಲ್ಲಿ ಬಾರ್ಡರ್ ಅಂತಲೂ ಬರುವುದು ಇದಕ್ಕೇ. ಇನ್ನೊಂದು ಮಾತು. ಮೈಯಲ್ಲಿ ಯಾವ ಲಕ್ಷಣವೂ ಇಲ್ಲದವರಿಗೆ ಒಂದೇ ಒಂದು ಅಂಕಿ ನೋಡಿ ಸಕ್ಕರೆ ಕಾಯಿಲೆ ಅಂತ ಹೇಳಬಾರದು. ಎರಡು ಪರೀಕ್ಷೆ ಒಂದೇ ಮಾತು ಹೇಳಬೇಕು, ಇಲ್ಲವೇ ಅದೇ ಪರೀಕ್ಷೆ ಇನ್ನೊಂದು ದಿನ ಮಾಡಿದಾಗಲೂ ಹಾಗೇ ಬರಬೇಕು.

ಬಾರ್ಡರ್ ಅಂದ ತಕ್ಷಣ ಕೆಲವರು ಹೆದರಿ ಊಟ ಬಿಡುತ್ತಾರೆ. ಕೆಲವರು 'ಬಾರ್ಡರ್ ತಾನೇ, ಇನ್ನೂ ಬಂದಿಲ್ಲ' ಅಂತ ರಿಪೋರ್ಟನ್ನು ಬೀರುವಿಗೆ ಹಾಕುತ್ತಾರೆ. ನನಗೆ ಈ ಎರಡನೆಯವರದ್ದೇ ಚಿಂತೆ. ಕೈಯಲ್ಲಿ ಏನಾದರೂ ಮಾಡಲು ಸಾಧ್ಯವಿರುವ ಸಮಯ ಇದೇ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮ ದೇಶದವರ ಮೇಲೆಯೇ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಗ್ಲೂಕೋಸ್ ಪರೀಕ್ಷೆಯಲ್ಲಿ ಬಾರ್ಡರ್ ಬಂದ 531 ಜನರನ್ನು ಗುಂಪು ಮಾಡಿ ಮೂರು ವರ್ಷ ನೋಡಿಕೊಂಡರು. ಸುಮ್ನೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ನಡಿಗೆ ಮತ್ತು ಊಟದ ಬದಲಾವಣೆ ಮಾಡಿಕೊಂಡವರಲ್ಲಿ ಆ ಅಪಾಯ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಸೇರಿಸಿದರೂ ಅದಕ್ಕಿಂತ ಜಾಸ್ತಿ ಲಾಭ ಸಿಗಲಿಲ್ಲ. ನಾನು ಬಾರ್ಡರ್ ರಿಪೋರ್ಟ್ ಕೊಡುವಾಗ ಈ 55ರ ಲೆಕ್ಕವನ್ನು ಎಲ್ಲರಿಗೂ ಹೇಳುತ್ತೇನೆ.

ತೋಟದವರು ದಿನವೆಲ್ಲ ದುಡಿಯುತ್ತಾರೆ, ಅವರಿಗೆ ನಡಿಗೆ ಯಾಕೆ ಅಂತ ನೀವು ಕೇಳಬಹುದು. ಈಗ ಕಳೆ ಹೊಡೆಯಲು ಮಷೀನ್ ಬಂದಿದೆ, ಗೊನೆ ಕೊಯ್ಯಲು ದೋಟಿಯವರು ಬರುತ್ತಾರೆ, ಮನೆಯಿಂದ ತೋಟಕ್ಕೆ ಬೈಕು. ಕೊಯ್ಲಿನ ತಿಂಗಳುಗಳನ್ನು ಬಿಟ್ಟರೆ ನಿಮ್ಮ ಕಾಲು ಎಷ್ಟು ಓಡಾಡುತ್ತದೆ ಅಂತ ನೀವೇ ನೋಡಿ. ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ಹೀಗೆ ಮೂರು ಹೊತ್ತೂ ಅಕ್ಕಿಯೇ ಆಗುವುದನ್ನು ಒಂದೋ ಎರಡೋ ಹೊತ್ತಿಗೆ ಇಳಿಸಿ. ತಟ್ಟೆಯಲ್ಲಿ ಪಲ್ಯ, ಕಾಳು ಜಾಸ್ತಿ ಆಗಲಿ. ತೂಕ ಜಾಸ್ತಿ ಇದ್ದರೆ ನೂರು ಕೆಜಿಗೆ ಐದರಿಂದ ಏಳು ಕೆಜಿಯ ಲೆಕ್ಕದಲ್ಲಿ ಇಳಿದರೂ ವ್ಯತ್ಯಾಸ ಕಾಣುತ್ತದೆ. ಎಲೆಯಡಿಕೆ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಅಡಿಕೆಯಿಂದಲೇ ನಮ್ಮ ಊರುಗಳು ನಡೆಯುತ್ತಿವೆ ಅಂತ ನನಗೂ ಗೊತ್ತು. ಆದರೆ ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಅಗಿಯುವವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿದೆ, ಬಾಯಿ ಕ್ಯಾನ್ಸರ್‌ನ ವಿಷಯವಂತೂ ಇದ್ದೇ ಇದೆ.

ಪ್ರಶ್ನೆ: ನಾನು ಶಾಲೆ ಟೀಚರ್. ನಮ್ಮೂರಿನ ಒಂದು ಕಲೆಕ್ಷನ್ ಸೆಂಟರ್‌ನಲ್ಲಿ ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟೆ. ಅವರು ಅದನ್ನು ಬಸ್ಸಿಗೆ ಹಾಕಿ ಪೇಟೆಗೆ ಕಳಿಸುತ್ತಾರೆ. ಶುಗರ್ 99 ಅಂತ ಬಂತು. ಎರಡು ದಿನ ಬಿಟ್ಟು ಬೇರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಾಗ ಅಲ್ಲೇ ಲ್ಯಾಬ್‌ನಲ್ಲಿ ಕೊಟ್ಟೆ. 119 ಬಂತು. ಎರಡು ದಿನದಲ್ಲಿ ಇಷ್ಟು ಏರುತ್ತದೆಯೇ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮ ಮಲೆನಾಡಿನವರೆಲ್ಲ ಕೇಳಬೇಕಾದ ಪ್ರಶ್ನೆ ಇದು.

ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗುವುದು ಸಹಜ. ಆದರೆ ನಿಮ್ಮ ಕತೆ ಕೇಳಿದರೆ ನನ್ನ ಅನುಮಾನ ಬಸ್ಸಿನ ಮೇಲೆ. ರಕ್ತವನ್ನು ಟ್ಯೂಬಿಗೆ ಹಾಕಿದ ಮೇಲೂ ಅದರೊಳಗಿನ ಕಣಗಳು ಬದುಕಿರುತ್ತವೆ. ಅವಕ್ಕೂ ಹೊಟ್ಟೆಗೆ ಬೇಕು. ರಕ್ತದಲ್ಲಿರುವ ಸಕ್ಕರೆಯನ್ನೇ ತಿನ್ನುತ್ತವೆ. ಸುಮ್ನೆ ಹಾಗೇ ಇಟ್ಟ ಟ್ಯೂಬಿನಲ್ಲಿ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಇಳಿಯುತ್ತದೆ. ಬೆಚ್ಚಗಿದ್ದರೆ ಇನ್ನೂ ಬೇಗ. ಮೂರು ಗಂಟೆ ಬಸ್ಸಿನ ಡ್ರೈವರ್ ಪಕ್ಕ, ಇಂಜಿನ್ ಬಿಸಿಗೆ ಕೂತು ಬಂದ ಟ್ಯೂಬಿನಲ್ಲಿ 119 ಇದ್ದದ್ದು 99 ಆಗುವುದು ಕಷ್ಟವೇನಲ್ಲ. ರಿಪೋರ್ಟ್‌ನಲ್ಲಿ ಮಾತ್ರ ಅದು ನಾರ್ಮಲ್.

ಇದನ್ನು ತಡೆಯಲು ಫ್ಲೋರೈಡ್ ಹಾಕಿದ ಟ್ಯೂಬು ಇರುತ್ತದೆ. ಸಾಮಾನ್ಯವಾಗಿ ಬೂದು ಬಣ್ಣದ ಮುಚ್ಚಳ. ಮುಂದಿನ ಸಲ ರಕ್ತ ಕೊಡುವಾಗ ಕಣ್ಣು ಬಿಟ್ಟು ನೋಡಿ. ಸೂಜಿ ನೋಡಲು ಹೆದರಿಕೆ ಆದರೆ ಮುಚ್ಚಳ ನೋಡಿ ಸಾಕು. ಶುಗರ್‌ಗೆ ಬೂದು, ಎಚ್‌ಬಿಎ1ಸಿಗೆ ನೇರಳೆ. ಆದರೆ ಫ್ಲೋರೈಡ್ ಕೂಡ ತಕ್ಷಣ ಕೆಲಸ ಮಾಡುವುದಿಲ್ಲ. ಕಣಗಳು ಸಕ್ಕರೆ ಒಡೆಯುವ ಕೆಲಸದ ಕೊನೆಯ ಹಂತಗಳಲ್ಲಿ ಒಂದನ್ನು ಅದು ತಡೆಯುತ್ತದೆ. ಹಾಗಾಗಿ ಮೊದಲ ಒಂದೆರಡು ಗಂಟೆ ಸಕ್ಕರೆ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಟ್ಯೂಬನ್ನು ಕೂಡಲೇ ಐಸ್ ಡಬ್ಬಿಗೆ ಇಡಬೇಕು, ಇಲ್ಲವೇ ಅಲ್ಲೇ ಮಷೀನಿನಲ್ಲಿ ಗಿರಗಿರನೆ ತಿರುಗಿಸಿ ಕಣಗಳನ್ನು ಬೇರೆ ಮಾಡಬೇಕು. ಫ್ಲೋರೈಡ್ ಪುಡಿ ರಕ್ತದೊಂದಿಗೆ ಬೆರೆಯುವ ಹಾಗೆ ಟ್ಯೂಬನ್ನು ನಿಧಾನವಾಗಿ ಕೆಲವು ಸಲ ತಲೆಕೆಳಗು ಮಾಡಬೇಕು. ಇದನ್ನು ಮಾಡದೆ ಜೇಬಿಗೆ ಹಾಕಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ತಪ್ಪಿದರೆ ಆಮೇಲೆ ನನ್ನ ಮಷೀನ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ದೂರದ ಹಳ್ಳಿಯವರಿಗೆ ಎಚ್‌ಬಿಎ1ಸಿಯ ಒಂದು ಉಪಕಾರ ಏನೆಂದರೆ ಅದು ಹೀಗೆ ಇಳಿಯುವುದಿಲ್ಲ. ಫ್ರಿಜ್‌ನಲ್ಲಿ ಇಟ್ಟರೆ ಕೆಲವು ದಿನ ಹಾಗೇ ಇರುತ್ತದೆ. ಖಾಲಿ ಹೊಟ್ಟೆಯೂ ಬೇಕಾಗಿಲ್ಲ. ನೀವು ಸದ್ಯಕ್ಕೆ 119 ಅನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಜತೆಗೆ ಎಚ್‌ಬಿಎ1ಸಿ ಮಾಡಿಸಿ. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಕಾಯಿಲೆ ಇದ್ದವರು ದಿನಾ ನೋಡಿಕೊಳ್ಳಲು ತುಂಬ ಒಳ್ಳೆಯದು. ಆದರೆ ಅದರಲ್ಲಿ ನೂರಕ್ಕೆ ಹದಿನೈದರಷ್ಟು ಆಚೀಚೆ ಆಗಬಹುದು. 119 ಮತ್ತು 126ರ ನಡುವಿನ ಗೆರೆ ಎಳೆಯಲು ಅದು ಸಾಲದು.

ಪ್ರಶ್ನೆ: ಡಾಕ್ಟ್ರಮ್ಮ, ನನಗೆ 36 ವರ್ಷ. ತಿಂಗಳ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ 8.4 ಇದೆ. ಎಚ್‌ಬಿಎ1ಸಿ 6.3 ಬಂದಿದೆ. ಖಾಲಿ ಹೊಟ್ಟೆ ಶುಗರ್ 91. ಮನೆಯಲ್ಲಿ ಎಲ್ಲರೂ ನನಗೆ ಶುಗರ್ ಬಂತು ಅಂತ ಪಾಯಸವನ್ನೂ ಬಡಿಸುತ್ತಿಲ್ಲ.
— ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ತಾಯಿ, ನಿಮಗೆ ಶುಗರ್ ಬಂದಿದೆ ಅಂತ ಈ 6.3 ನೋಡಿ ಹೇಳುವ ಹಾಗಿಲ್ಲ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಬ್ಬಿಣದ ಮಾತ್ರೆ ಶುರು ಮಾಡಿದರೆ ಹೊಸ ಕಣಗಳು ಒಟ್ಟಿಗೆ ಬಂದು ಅದು ಇಳಿಯುತ್ತದೆ. ಊಟದಲ್ಲಿ ಏನೂ ಬದಲಾಗಿರುವುದಿಲ್ಲ. ಇದಕ್ಕೆ ತದ್ವಿರುದ್ಧವೂ ಉಂಟು. ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ, ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಗರ್ಭಿಣಿ ಆಗಿದ್ದರೆ ಅದು ಕಡಿಮೆ ತೋರಿಸಿ ಮೋಸ ಮಾಡಬಹುದು. ಕಿಡ್ನಿ ಕಾಯಿಲೆ ಇದ್ದವರಲ್ಲೂ ನಂಬುವುದು ಕಷ್ಟ.

ಎಚ್‌ಪಿಎಲ್‌ಸಿ ಅನ್ನುವ ವಿಧಾನದಲ್ಲಿ ಮಾಡಿದಾಗ ಮಷೀನ್ ಒಂದು ಗ್ರಾಫ್ ಬರೆಯುತ್ತದೆ. ಸಾಮಾನ್ಯ ಹಿಮೋಗ್ಲೋಬಿನ್‌ಗೆ ಒಂದು ಎತ್ತರದ ಗೋಪುರ, ಅದರ ಹಿಂದೆಮುಂದೆ ಸಣ್ಣ ಸಣ್ಣ ಏರುಗಳು. ಅವುಗಳಲ್ಲಿ ಒಂದು ಎ1ಸಿ. ಕೆಲವೊಮ್ಮೆ ಇರಬಾರದ ಜಾಗದಲ್ಲಿ ಇನ್ನೊಂದು ಗೋಪುರ ಎದ್ದಿರುತ್ತದೆ. ಅವರಿಗೆ ಹುಟ್ಟಿನಿಂದಲೇ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಅಂಥ ಗ್ರಾಫ್ ಕಂಡರೆ ನಾನು ಅಂಕಿ ಕೊಟ್ಟು ಸುಮ್ಮನಾಗುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ನಿಮ್ಮ ವಿಷಯದಲ್ಲಿ ಮೊದಲು ಆಗಬೇಕಾದ್ದು ರಕ್ತ ಯಾಕೆ ಹೋಗುತ್ತಿದೆ ಅಂತ ಹೆಂಗಸರ ಡಾಕ್ಟರಿಗೆ ತೋರಿಸುವುದು. ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣ ಎಷ್ಟು ಖಾಲಿಯಾಗಿದೆ ಅಂತ ತಿಳಿಯುತ್ತದೆ. ಗದ್ದೆ ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರಾದರೆ ಕೊಕ್ಕೆಹುಳದ ಪರೀಕ್ಷೆಯನ್ನೂ ಕೇಳಿ. ಅದೂ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಶುಗರ್ ಅನುಮಾನ ಪೂರ್ತಿ ಹೋಗಬೇಕಾದರೆ ಮೇಲೆ ಹೇಳಿದ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಸಾಕು. ಹಿಮೋಗ್ಲೋಬಿನ್ ಸರಿಯಾಗಿ ಕೆಲವು ತಿಂಗಳು ಆಗುವ ತನಕ ಎಚ್‌ಬಿಎ1ಸಿಯನ್ನು ಲೆಕ್ಕಕ್ಕೆ ಇಡಬೇಡಿ.

ಪ್ರಶ್ನೆ: ನಾನು 167 ಸೆಂ.ಮೀ. ಎತ್ತರ, 62 ಕೆಜಿ. ದಪ್ಪ ಇಲ್ಲ. 39 ವರ್ಷ. ಅಪ್ಪನಿಗೆ ಶುಗರ್ ಇತ್ತು. ನನ್ನಂಥವರೂ ಪರೀಕ್ಷೆ ಮಾಡಿಸಬೇಕಾ?
— ಬ್ಯಾಂಕ್ ಉದ್ಯೋಗಿ, ಭದ್ರಾವತಿ

ಉತ್ತರ: ಮಾಡಿಸಲೇಬೇಕು. ಪುಣೆಯ ಡಾ. ಯಾಜ್ನಿಕ್ ಮತ್ತು ಲಂಡನ್ನಿನ ಡಾ. ಯೂಡ್ಕಿನ್ ಅನ್ನುವ ಇಬ್ಬರು ವಿಜ್ಞಾನಿಗಳು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದ್ದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯೂಡ್ಕಿನ್‌ಗೆ ನೂರಕ್ಕೆ 9.1, ನಮ್ಮ ಯಾಜ್ನಿಕ್‌ಗೆ 21.2. ನಿಮ್ಮ ಬಿಎಂಐ ಕೂಡ 22ರ ಹತ್ತಿರವೇ ಇದೆ. ನಾವು ನೋಡಲು ಸಣ್ಣ, ಒಳಗೆ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಸುತ್ತ.

ತೂಕದ ಮಷೀನ್ ಬಿಟ್ಟು ಟೇಪ್ ಹಿಡಿಯಿರಿ. ಚೆನ್ನೈಯ ಡಾ. ವಿ. ಮೋಹನ್ ಅವರ ತಂಡ ಮಾಡಿದ ಒಂದು ಸುಲಭ ಲೆಕ್ಕ ಇದೆ. ನಿಮ್ಮದನ್ನೇ ಹಾಕಿ ತೋರಿಸುತ್ತೇನೆ. ವಯಸ್ಸು 35ರಿಂದ 49ರ ನಡುವೆ, 20 ಅಂಕ. ಹೆತ್ತವರಲ್ಲಿ ಒಬ್ಬರಿಗೆ ಶುಗರ್, 10. ಕೂತು ಕೆಲಸ, ವ್ಯಾಯಾಮ ಇಲ್ಲ ಅಂದುಕೊಂಡರೆ 30. ಇಷ್ಟಕ್ಕೇ 60 ಆಯಿತು. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದ್ದರೆ ಇನ್ನೂ 10. ಅರವತ್ತು ಮುಟ್ಟಿದರೇ ಅಪಾಯ ಜಾಸ್ತಿ ಅಂತ ಅರ್ಥ. ಇದಕ್ಕೆ ರಕ್ತವೂ ಬೇಡ, ದುಡ್ಡೂ ಬೇಡ. ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಶುಗರ್, ಬಿಪಿ ನೋಡುತ್ತಾರೆ. ಅದನ್ನು ಬಳಸಿಕೊಳ್ಳಿ.

ಪ್ರಶ್ನೆ: ನನ್ನ ತಮ್ಮನಿಗೆ 41 ವರ್ಷ. ಎಂಟು ತಿಂಗಳ ಹಿಂದೆ ಶುಗರ್ ಅಂತ ಗೊತ್ತಾಯಿತು. ಎರಡು ಥರ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾನೆ, ಸಿಹಿ ಮುಟ್ಟುವುದಿಲ್ಲ. ಆದರೂ 230ರಿಂದ ಇಳಿಯುತ್ತಿಲ್ಲ. ತೂಕ 66ರಿಂದ 57 ಆಗಿದೆ. ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಕದ್ದು ತಿನ್ನುತ್ತಾನೆ ಅಂತ ಅವನ ಹೆಂಡತಿ ಜಗಳ ಮಾಡುತ್ತಾಳೆ.
— ಅಕ್ಕ, ಕೊಪ್ಪ

ಉತ್ತರ: ಅವರನ್ನು ಬಯ್ಯುವುದನ್ನು ಇವತ್ತೇ ನಿಲ್ಲಿಸಿ. ಈ ಪತ್ರಕ್ಕೆ ನಾನು ಸಂಚಿಕೆಗೆ ಕಾಯದೆ ಅಂಚೆಯಲ್ಲೂ ಉತ್ತರ ಕಳಿಸಿದ್ದೇನೆ.

ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ ಎಲ್ಲವೂ ಒಂದೇ ಅಲ್ಲ. ಜಾಸ್ತಿ ಜನರಿಗೆ ಬರುವುದು ಟೈಪ್ 2. ಅದರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಮೈ ಅದರ ಮಾತು ಕೇಳುವುದಿಲ್ಲ. ಕೆಲವರಲ್ಲಿ ಮಾತ್ರ ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಕಣಗಳನ್ನು ನಿಧಾನವಾಗಿ ಕೊಲ್ಲುತ್ತಾ ಹೋಗುತ್ತದೆ. ಮಕ್ಕಳಲ್ಲಿ ಬರುವ ಟೈಪ್ 1ರ ಜಾತಿಯದ್ದೇ, ಆದರೆ ನಿಧಾನ. ಡಾಕ್ಟರುಗಳು ಇದನ್ನು ಲಾಡಾ ಅನ್ನುತ್ತಾರೆ. ನಮ್ಮಲ್ಲಿ ಅಪರೂಪ, ಆದರೆ ಇಲ್ಲದೇ ಇಲ್ಲ. ಸಣ್ಣ ಮೈ, ಮನೆತನದಲ್ಲಿ ಇಲ್ಲದಿರುವುದು, ಇಳಿಯುತ್ತಿರುವ ತೂಕ, ಕೆಲಸ ಮಾಡದ ಮಾತ್ರೆ, ಇಷ್ಟೂ ಸೇರಿದಾಗ ಇದನ್ನು ನೋಡಲೇಬೇಕು.

ಎರಡು ರಕ್ತ ಪರೀಕ್ಷೆ ಬೇಕು. ಒಂದು ಜಿಎಡಿ ಆಂಟಿಬಾಡಿ. ಅದು ಇದ್ದರೆ ಮೈ ತನ್ನ ಕಣಗಳ ಮೇಲೆ ತಾನೇ ಯುದ್ಧ ಮಾಡುತ್ತಿದೆ ಅಂತ ಗುರುತು. ಇನ್ನೊಂದು ಸಿ-ಪೆಪ್ಟೈಡ್. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇನ್ಸುಲಿನ್ ತಯಾರಿಸುವಾಗ ದೊಡ್ಡದೊಂದು ಸರಪಳಿ ಮಾಡಿ ಆಮೇಲೆ ಕತ್ತರಿಸುತ್ತದೆ. ಕತ್ತರಿಸಿ ಉಳಿದ ತುಂಡೇ ಸಿ-ಪೆಪ್ಟೈಡ್. ಒಂದು ಇನ್ಸುಲಿನ್‌ಗೆ ಒಂದು ತುಂಡು. ಇಂಜೆಕ್ಷನ್ ಇನ್ಸುಲಿನ್‌ನಲ್ಲಿ ಈ ತುಂಡು ಇರುವುದಿಲ್ಲ. ಹಾಗಾಗಿ ಮೈ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಇದರಿಂದ ತಿಳಿಯುತ್ತದೆ. ಅದರ ಜತೆಗೇ ಅದೇ ರಕ್ತದಲ್ಲಿ ಶುಗರ್ ಕೂಡ ನೋಡಬೇಕು, ಇಲ್ಲದಿದ್ದರೆ ಅರ್ಥ ಮಾಡುವುದು ಕಷ್ಟ. ಹೊಟ್ಟೆಯ ಸ್ಕ್ಯಾನ್ ಕೂಡ ಆಗಲಿ. ದಕ್ಷಿಣ ಭಾರತದಲ್ಲಿ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಕಟ್ಟಿ ಶುಗರ್ ಬರುವವರೂ ಇದ್ದಾರೆ. ಬೇರೆ ಗಂಟು ಇದೆಯಾ ಅಂತಲೂ ನೋಡಿದಂತಾಗುತ್ತದೆ.

ಇವು ಎಲ್ಲ ಕಡೆ ಆಗುವ ಪರೀಕ್ಷೆಗಳಲ್ಲ, ರಕ್ತವನ್ನು ಬೆಂಗಳೂರಿಗೆ ಕಳಿಸಬೇಕಾಗಬಹುದು, ಕೆಲವು ದಿನ ಹಿಡಿಯುತ್ತದೆ. ಅಲ್ಲಿಯ ತನಕ ಮಾತ್ರೆ ನಿಲ್ಲಿಸಬೇಡಿ. ಆದರೆ ಈ ವಾರವೇ ಒಳ್ಳೆಯ ಫಿಸಿಷಿಯನ್‌ಗೆ ತೋರಿಸಿ. ವಾಂತಿ, ಹೊಟ್ಟೆನೋವು, ಜೋರಾಗಿ ಉಸಿರಾಟ, ಮಂಕು ಕವಿಯುವುದು, ಇವುಗಳಲ್ಲಿ ಯಾವುದು ಬಂದರೂ ರಾತ್ರಿಯಾದರೂ ಸರಿ, ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೀಟೋನ್ (ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಸೇರುವ ಆಮ್ಲ) ನೋಡಿ ಅಂತ ಕೇಳಿ. ಇನ್ಸುಲಿನ್ ಬೇಕು ಅಂದರೆ ತಮ್ಮನ ಹೆಂಡತಿ ಹೆದರುವುದು ಬೇಡ. ಅವರ ಗಂಡನ ಮೈಯಲ್ಲಿ ಇಲ್ಲದ್ದನ್ನು ಹೊರಗಿನಿಂದ ಕೊಡುತ್ತಾರೆ, ಅಷ್ಟೇ.

ಪ್ರಶ್ನೆ: ಮಗಳಿಗೆ ಬಸುರಿಯಲ್ಲಿ ಶುಗರ್ ಬಂದಿತ್ತು. ಹೆರಿಗೆಯಾದ ಮೇಲೆ ಹೋಯಿತು ಅಂದರು. ಈಗ ಮಗುವಿಗೆ ಎರಡು ತಿಂಗಳು. ಬಾಣಂತಿಗೆ ಅಂಟಿನುಂಡೆ ಕೊಡಬಹುದಾ?
— ಅಜ್ಜಿಯಾದವರು, ಸೊರಬ

ಉತ್ತರ: ಉಂಡೆಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಪರೀಕ್ಷೆ ಆಗಲಿ. ಬಸುರಿಯಲ್ಲಿ ಶುಗರ್ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಜಾಸ್ತಿ. ಹೆರಿಗೆಯಾಗಿ ಮೂರು ತಿಂಗಳೊಳಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು. ಹೆರಿಗೆಯಲ್ಲಿ ರಕ್ತ ಹೋಗಿರುವುದರಿಂದ ಈಗ ಎಚ್‌ಬಿಎ1ಸಿ ನಂಬುವ ಹಾಗಿಲ್ಲ. ಎರಡು ತಿಂಗಳು ಅಂದರೆ ಸರಿಯಾದ ಸಮಯ. ಬಾಣಂತಿ ಹೊರಗೆ ಹೋಗಬಾರದು ಅಂತ ತಡೆಯಬೇಡಿ, ಮಗುವಿನ ಲಸಿಕೆಗೆ ಹೋಗುವ ದಿನವೇ ಮಾಡಿಸಬಹುದು. ಮಗುವಿಗೆ ಹಾಲು ಕೊಡುತ್ತಿರಲಿ, ಅದು ತಾಯಿಗೂ ಒಳ್ಳೆಯದು. ಈಗ ಸರಿ ಬಂದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಲೇ ಇರಬೇಕು. ಉಂಡೆಯಲ್ಲಿ ತುಪ್ಪ ಬೆಲ್ಲ ಎರಡೂ ಜಾಸ್ತಿ. ರಿಪೋರ್ಟ್ ಬರುವ ತನಕ ಕೊಡಬೇಡಿ.

ಪ್ರಶ್ನೆ: ಫೋನಿನಲ್ಲಿ ಜಾಹೀರಾತು ಬರುತ್ತದೆ. ಇನ್ಸುಲಿನ್ ಮಟ್ಟ, ಹೋಮಾ, ಜೀನ್ ಪರೀಕ್ಷೆ ಎಲ್ಲ ಸೇರಿಸಿ ಹತ್ತು ವರ್ಷ ಮೊದಲೇ ಶುಗರ್ ಗೊತ್ತಾಗುತ್ತದೆ ಅಂತ. ಮಾಡಿಸಲೇ?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ದುಡ್ಡನ್ನು ಉಳಿಸಿಕೊಳ್ಳಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರ ರಕ್ತವನ್ನು ವರ್ಷಗಟ್ಟಲೆ ಇಟ್ಟು ನೋಡಿ 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಮುಂತಾದ ಐದು ಅಮೈನೋ ಆಮ್ಲಗಳು ಕಾಯಿಲೆ ಬರುವ ಹನ್ನೆರಡು ವರ್ಷ ಮೊದಲೇ ಜಾಸ್ತಿ ಇದ್ದದ್ದು ಕಂಡುಬಂತು. ಕೊಬ್ಬಿನ ಕಣಗಳಿಂದ ಬರುವ ಅಡಿಪೋನೆಕ್ಟಿನ್ ಕಡಿಮೆ ಇದ್ದವರಿಗೂ ಅಪಾಯ ಜಾಸ್ತಿ. ಇವೆಲ್ಲ ನಿಜವಾದ ವಿಜ್ಞಾನ, ನಾನು ಆಸಕ್ತಿಯಿಂದ ಓದುತ್ತೇನೆ. ಆದರೆ ಸಾವಿರಾರು ಜನರ ಗುಂಪಿನಲ್ಲಿ ಕಾಣುವ ವ್ಯತ್ಯಾಸ ನಿಮ್ಮೊಬ್ಬರ ಕೈಗೆ ಕೊಡುವ ರಿಪೋರ್ಟ್ ಆಗುವುದಿಲ್ಲ. ಹೋಮಾ ಅಂದರೆ ಖಾಲಿ ಹೊಟ್ಟೆಯ ಇನ್ಸುಲಿನ್ ಮತ್ತು ಶುಗರ್ ಸೇರಿಸಿ ಹಾಕುವ ಲೆಕ್ಕ. ಆದರೆ ಇನ್ಸುಲಿನ್ ಮಟ್ಟ ಅಳೆಯುವುದರಲ್ಲಿ ಒಂದು ಲ್ಯಾಬ್‌ಗೂ ಇನ್ನೊಂದಕ್ಕೂ ಒಂದೇ ಅಳತೆ ಇನ್ನೂ ಬಂದಿಲ್ಲ. ಕಾಯಿಲೆ ಗುರುತಿಸಲು ಅದನ್ನು ಬಳಸುವುದೂ ಇಲ್ಲ.

2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಬಾರ್ಡರ್‌ನಲ್ಲಿದ್ದಾರೆ. ಅವರನ್ನು ಗುರುತಿಸಲು ಹೊಸ ಪರೀಕ್ಷೆ ಬೇಕಿಲ್ಲ. ಇರುವ ಅಗ್ಗದ ಪರೀಕ್ಷೆಗಳನ್ನು ಸರಿಯಾಗಿ ಮಾಡಿಸಿದರೆ ಸಾಕು. ಆ ಪ್ಯಾಕೇಜಿನ ದುಡ್ಡಿನಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಗ್ಲೂಕೋಸ್ ಪರೀಕ್ಷೆ ಮಾಡಿಸಿ, ಇನ್ನೂ ಉಳಿಯುತ್ತದೆ.

ಪ್ರಶ್ನೆ: ನಾವು ಆಗುಂಬೆ ಕಡೆಯವರು. ಬೆಳಿಗ್ಗೆ ಬಸ್ಸು ಹತ್ತಿ ಬರಬೇಕು. ಕಾಫಿ ಕುಡಿದು ಬರಬಹುದಾ? ಮೂರು ದಿನ ಮೊದಲಿಂದ ಅನ್ನ ಬಿಟ್ಟು ಅಮೃತಬಳ್ಳಿ ಕಷಾಯ ಕುಡಿದರೆ ರಿಪೋರ್ಟ್ ಚೆನ್ನಾಗಿ ಬರುತ್ತದೆ ಅಂತಾರೆ, ನಿಜವೇ?

ಉತ್ತರ: ಕಾಫಿ ಬೇಡ, ಬೆಲ್ಲದ್ದೂ ಬೇಡ, ಬರಿ ಡಿಕಾಕ್ಷನ್ನೂ ಬೇಡ. ನೀರು ಎಷ್ಟು ಬೇಕಾದರೂ ಕುಡಿಯಿರಿ. ಕನಿಷ್ಠ ಎಂಟು ಗಂಟೆ ಖಾಲಿ ಹೊಟ್ಟೆ ಇರಬೇಕು. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸರಿಹೋಗುತ್ತದೆ.

ಅನ್ನ ಬಿಡುವುದಂತೂ ತಿರುಗುಬಾಣ ಆಗುತ್ತದೆ. ಮೂರು ದಿನ ಅನ್ನ ರೊಟ್ಟಿ ಬಿಟ್ಟು ಬಂದು ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಕುಡಿದರೆ ಮೈ ಅದನ್ನು ತಡೆದುಕೊಳ್ಳುವುದಿಲ್ಲ. ಆರೋಗ್ಯವಂತರಿಗೂ ಶುಗರ್ ಜಾಸ್ತಿ ಬರಬಹುದು. ಮಾಮೂಲಿ ಊಟ ಮಾಡಿಕೊಂಡೇ ಬನ್ನಿ. ಕಷಾಯದ ಗುಣದೋಷ ಬೇರೆ ವಿಷಯ. ಏನು ಕುಡಿಯುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಜ್ವರ ಇದ್ದರೆ, ಕೀಲುನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಕೆಲವು ವಾರ ಮುಂದಕ್ಕೆ ಹಾಕಿ. ಅವೆರಡೂ ಶುಗರ್ ಏರಿಸುತ್ತವೆ.

ಗ್ಲೂಕೋಸ್ ನೀರನ್ನು ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಕೆಲವರಿಗೆ ವಾಂತಿ ಬಂದ ಹಾಗೆ ಆಗುತ್ತದೆ, ಒಂದು ಹೋಳು ನಿಂಬೆ ಹಿಂಡಿ ಅಂತ ಕೇಳಿ, ಅದರಿಂದ ತೊಂದರೆ ಇಲ್ಲ. ಆಮೇಲೆ ಎರಡು ಗಂಟೆ ಲ್ಯಾಬ್‌ನಲ್ಲೇ ಕೂತಿರಿ. ಹೇಗೂ ಪೇಟೆಗೆ ಬಂದಿದ್ದೇವೆ ಅಂತ ಗಾಂಧಿ ಬಜಾರ್ ಸುತ್ತಿ ಸಾಮಾನು ತಂದರೆ ಆ ನಡಿಗೆಗೇ ಶುಗರ್ ಇಳಿದು ರಿಪೋರ್ಟ್ ತಪ್ಪುತ್ತದೆ. ಎಲೆಯಡಿಕೆ, ಬೀಡಿ ಯಾವುದೂ ಬೇಡ. ತಿಂಡಿ ಬುತ್ತಿ ಕಟ್ಟಿಕೊಂಡು ಬನ್ನಿ, ಎರಡನೇ ಸಲ ರಕ್ತ ಕೊಟ್ಟ ಮೇಲೆ ತಿನ್ನಿ. ಈಗಾಗಲೇ ಶುಗರ್ ಮಾತ್ರೆ ನುಂಗುತ್ತಿರುವವರು ಈ ಪರೀಕ್ಷೆಗೆ ಬರಬೇಡಿ. ಇದು ಕಾಯಿಲೆ ಇದೆಯಾ ಅಂತ ಗೊತ್ತಿಲ್ಲದವರಿಗೆ ಮಾತ್ರ.